ದೊರೆತ ಸುರುಳಿಯ ಕಥೆಗಳು: ‘ವಿ/ಎಚ್/ಎಸ್’ ಚಿತ್ರಮಾಲಿಕೆಯಲ್ಲಿ ಬಿಡಿಕಥೆ ಮತ್ತು ಚೌಕಟ್ಟು

ಚಿತ್ರೀಕರಿಸಿದವರು ಸತ್ತಿದ್ದಾರೆ ಅಥವಾ ಕಾಣೆಯಾಗಿದ್ದಾರೆ, ಅವರ ಕ್ಯಾಮೆರಾದಲ್ಲಿ ಉಳಿದದ್ದು ಮಾತ್ರ ನಮಗೆ ದೊರೆತಿದೆ ಎಂಬ ಕಲ್ಪನೆಯ ಮೇಲೆ ನಿಂತ ಚಲನಚಿತ್ರಗಳನ್ನು ‘ಫೌಂಡ್ ಫುಟೇಜ್’ ಎಂದು ಕರೆಯುವುದು ರೂಢಿ. 1980ರ ಇಟಲಿಯ ‘ಕ್ಯಾನಿಬಲ್ ಹೋಲೊಕಾಸ್ಟ್’ನಲ್ಲಿ ಕಾಣಿಸಿಕೊಂಡ ಈ ಕಥನತಂತ್ರ 1999ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನಿಂದ ಜನಪ್ರಿಯವಾಯಿತು. ಹಲವು ಕಥೆಗಳನ್ನು ಒಂದು ಚೌಕಟ್ಟಿನಲ್ಲಿ ಪೋಣಿಸುವ ಕಥಾಗುಚ್ಛದ ಮಾದರಿಯಾದರೋ ಇನ್ನೂ ಹಳೆಯದು. 1945ರ ಬ್ರಿಟಿಷ್ ಚಿತ್ರ ‘ಡೆಡ್ ಆಫ್ ನೈಟ್’ ಅದರ ಪ್ರಸಿದ್ಧ ನಿದರ್ಶನ. ಈ ಎರಡೂ ಧಾರೆಗಳು 2012ರ ‘ವಿ/ಎಚ್/ಎಸ್’ನಲ್ಲಿ ಒಂದುಗೂಡಿದವು. ಇದರಿಂದ ಭಯದ ಕಥನಕ್ಕೆ ಒದಗಿದ ಲಾಭವೇನು, ಆದ ನಷ್ಟವೇನು ಎಂಬುದನ್ನು ಈ ಮಾಲಿಕೆಯ ಮೊದಲ ಎರಡು ಚಿತ್ರಗಳನ್ನು ಆಧರಿಸಿ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ತಂತ್ರದ ಮೂಲಭೂತ ತೊಡಕು ಎಲ್ಲರಿಗೂ ತಿಳಿದಿರುವಂಥದೇ: ಪ್ರಾಣಕ್ಕೆ ಕುತ್ತು ಬಂದಾಗಲೂ ಪಾತ್ರವು ಕ್ಯಾಮೆರಾವನ್ನು ಏಕೆ ಕೈಬಿಡುವುದಿಲ್ಲ? ಪೂರ್ಣಪ್ರಮಾಣದ ಚಿತ್ರದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಚಾರಣಕ್ಕೆ ಹೊರಟ ಗೆಳೆಯರ ದುರಂತವನ್ನು ಹೇಳುವ ಕನ್ನಡದ ‘6-5=2’ (2013) ಚಿತ್ರವೂ ಇದನ್ನು ಎದುರಿಸಲೇಬೇಕಾಯಿತು. ಬಿಡಿಕಥೆಗೆ ಈ ಹೊರೆ ಹಗುರ. ಅದರ ಕಿರು ಅವಧಿಗೆ ಗಟ್ಟಿಯಾದ ಒಂದು ಕಾರಣ ಸಾಕು. ಮಾಲಿಕೆಯ ಎರಡನೆಯ ಚಿತ್ರದ (2013) ‘ಎ ರೈಡ್ ಇನ್ ದ ಪಾರ್ಕ್’ ಕಥೆಯಲ್ಲಿ ಕ್ಯಾಮೆರಾ ಸೈಕಲ್ ಸವಾರನ ಹೆಲ್ಮೆಟ್ಟಿಗೆ ಬಿಗಿದಿದೆ. ಅವನು ಸತ್ತು, ನರಮಾಂಸಕ್ಕಾಗಿ ಅಲೆಯುವ ಹೆಣವಾಗಿ ಎದ್ದ ಮೇಲೂ ಅದು ತನ್ನ ಪಾಡಿಗೆ ನೋಡುತ್ತಲೇ ಇರುತ್ತದೆ. ಹೊರಗಿನಿಂದ ಹೇಸುತ್ತಿದ್ದ ಜೀವಿಯನ್ನು ನಾವು ಒಳಗಿನಿಂದ ಕಾಣುವಂತಾಗುತ್ತದೆ. ಭಯದ ಜೊತೆಗೆ ಕರುಣೆಯೂ ಹುಟ್ಟುತ್ತದೆ. ಇದನ್ನು ಗ್ರೆಗ್ ಹೇಲ್ ಜೊತೆಗೂಡಿ ನಿರ್ದೇಶಿಸಿದವರು ‘ಬ್ಲೇರ್ ವಿಚ್’ನ ನಿರ್ದೇಶಕರಲ್ಲೊಬ್ಬರಾದ ಎಡ್ವರ್ಡೊ ಸಾಂಚೆಜ್ ಎಂಬುದು ಗಮನಾರ್ಹ.

ಮಾಧ್ಯಮದ ಗುಣವೇ ಕಥೆಯ ವಸ್ತುವಾಗುವುದು ಈ ಬಗೆಯ ಎರಡನೆಯ ಶಕ್ತಿ. ಮೊದಲ ಚಿತ್ರದಲ್ಲಿ ಗ್ಲೆನ್ ಮೆಕ್ವೇಡ್ ನಿರ್ದೇಶಿಸಿದ ‘ಟ್ಯೂಸ್‌ಡೇ ದ ಸೆವೆಂಟೀನ್ತ್’ನ ಕೊಲೆಗಾರನು ಕ್ಯಾಮೆರಾದಲ್ಲಿ ವಿಡಿಯೋ ಟೇಪು ಕೆಟ್ಟಾಗ ಮೂಡುವ ಗೆರೆಗಳಾಗಿ ಮಾತ್ರ ಕಾಣುತ್ತಾನೆ. ಟೈ ವೆಸ್ಟ್‌ರ ‘ಸೆಕೆಂಡ್ ಹನಿಮೂನ್’ನಲ್ಲಿ ದೆವ್ವಭೂತಗಳೇ ಇಲ್ಲ. ಪ್ರವಾಸ ಹೊರಟ ದಂಪತಿಗಳ ಕ್ಯಾಮೆರಾವನ್ನು ರಾತ್ರಿ ಅವರು ಮಲಗಿದ್ದಾಗ ಬೇರೆ ಯಾರೋ ಹಿಡಿದಿದ್ದಾರೆ ಎಂಬ ಅರಿವಷ್ಟೇ ನಮ್ಮನ್ನು ನಡುಗಿಸುತ್ತದೆ.

ಆದರೆ ಬಿಡಿಕಥೆಗಳಲ್ಲಿ ಗಳಿಸಿದ್ದನ್ನು ಈ ಮಾದರಿ ಚೌಕಟ್ಟಿನಲ್ಲಿ ಕಳೆದುಕೊಳ್ಳುತ್ತದೆ. ಮೊದಲ ಚಿತ್ರದ ಚೌಕಟ್ಟನ್ನು ನಿರ್ದೇಶಿಸಿದವರು ಆಡಂ ವಿಂಗಾರ್ಡ್. ಒಂದು ಟೇಪನ್ನು ಕದಿಯಲು ಪುಂಡರ ತಂಡವೊಂದು ಮನೆಗೆ ನುಗ್ಗುತ್ತದೆ, ಅಲ್ಲಿ ಟಿ.ವಿ.ಗಳ ಮುಂದೆ ಮುದುಕನೊಬ್ಬನ ಹೆಣ ಕುಳಿತಿದೆ. ಅವರು ಟೇಪುಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಇವನ್ನು ಕೂಡಿಟ್ಟವರು ಯಾರು, ಏಕೆ? ಜೋ ಸ್ವಾನ್‌ಬರ್ಗ್‌ರ ಕಥೆಯಲ್ಲಿ ಕಂಪ್ಯೂಟರಿನ ಮೂಲಕ ನಡೆಯುವ ಸಂಭಾಷಣೆ ಹಳೆಯ ಟೇಪಿಗೆ ಇಳಿದದ್ದು ಹೇಗೆ? ಇವುಗಳಿಗೆ ಉತ್ತರವಿಲ್ಲ. ಉತ್ತರವಿಲ್ಲದಿರುವುದು ದೊಡ್ಡ ದೋಷವಲ್ಲ. ಒಂದು ಕಥೆಯನ್ನು ಕಂಡದ್ದರಿಂದ ಕಂಡವನಲ್ಲಿ ಏನೂ ಬದಲಾಗದಿರುವುದೇ ದೋಷ. ನಮ್ಮ ಬೇತಾಳನ ಕಥೆಗಳನ್ನು ನೆನೆಯಬಹುದು. ಅಲ್ಲಿ ಪ್ರತಿ ಕಥೆಯ ಕೊನೆಗೂ ಪ್ರಶ್ನೆಯಿದೆ. ರಾಜನು ಬಾಯ್ತೆರೆದರೆ ಶವ ಮರಕ್ಕೆ ಮರಳುತ್ತದೆ, ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಕೇಳುಗನು ಪ್ರತಿ ಕಥೆಗೂ ಹೊಣೆಗಾರನಾಗುತ್ತಾನೆ. ‘ಡೆಡ್ ಆಫ್ ನೈಟ್’ನಲ್ಲಿಯೂ ಬಿಡಿಕಥೆಗಳ ವ್ಯಕ್ತಿಗಳು ಕೊನೆಗೆ ಚೌಕಟ್ಟಿನ ನಾಯಕನ ದುಃಸ್ವಪ್ನಕ್ಕೆ ನುಗ್ಗುತ್ತಾರೆ. ‘ವಿ/ಎಚ್/ಎಸ್’ನಲ್ಲಿ ಚೌಕಟ್ಟು ಟೇಪುಗಳನ್ನಿಟ್ಟ ಕಪಾಟು ಮಾತ್ರ.

ಈ ದೋಷ ಕೇವಲ ಆಕೃತಿಯದಲ್ಲ, ನೈತಿಕವೂ ಹೌದು ಎಂಬುದು ನಮ್ಮ ಮುಖ್ಯ ವಾದ. ಚೌಕಟ್ಟಿನ ಪುಂಡರು ಹೆಣ್ಣಿನ ಮೇಲೆ ಕೈಮಾಡಿ, ಆ ದೃಶ್ಯವನ್ನು ಚಿತ್ರೀಕರಿಸಿ ಹಣ ಮಾಡುವವರು. ಅವರಿಗೆ ಸಿಗುವ ಮೊದಲ ಟೇಪು ಡೇವಿಡ್ ಬ್ರಕ್ನರ್‌ರ ‘ಅಮೆಚೂರ್ ನೈಟ್’. ಅದರಲ್ಲಿ ಮೂವರು ತರುಣರು ಕನ್ನಡಕದಲ್ಲಿ ಕ್ಯಾಮೆರಾ ಅಡಗಿಸಿ, ಹೆಣ್ಣುಗಳನ್ನು ಅರಿವಿಲ್ಲದಂತೆ ಸೆರೆಹಿಡಿಯಲು ಹೊರಡುತ್ತಾರೆ. ಕರೆತಂದವಳು ಪಿಶಾಚಿಯಾಗಿ ಅವರನ್ನೇ ಬೇಟೆಯಾಡುತ್ತಾಳೆ. ಅಂದರೆ ಪುಂಡರ ಮುಂದೆ ಅವರದೇ ಅಪರಾಧದ ಕಥೆ ನಡೆಯುತ್ತಿದೆ. ಬೇತಾಳನಾಗಿದ್ದರೆ ಇಲ್ಲಿಯೇ ಪ್ರಶ್ನೆ ಕೇಳುತ್ತಿದ್ದ. ಚಿತ್ರವು ಕೇಳುವುದಿಲ್ಲ, ಅವರು ತಮ್ಮನ್ನು ಗುರುತಿಸಿಕೊಳ್ಳದೆಯೇ ಸಾಯುತ್ತಾರೆ. ಹೀಗಾಗಿ ಕದ್ದು ನೋಡುವ ಕಣ್ಣನ್ನು ಖಂಡಿಸಲು ಹೊರಟ ಚಿತ್ರ ಅದೇ ಕಣ್ಣಿನ ಸುಖವನ್ನು ಪ್ರೇಕ್ಷಕನಿಗೂ ಹಂಚಿ, ಲೆಕ್ಕ ಕೇಳದೆ ಬಿಟ್ಟುಬಿಡುತ್ತದೆ.

ಮಾಲಿಕೆ 2014ರ ನಂತರ ಕೆಲಕಾಲ ನಿಂತು, 2021ರಿಂದ 2025ರವರೆಗೆ ವರ್ಷಕ್ಕೊಂದರಂತೆ ಮುಂದುವರಿದಿದೆ. ಹೊಸ ನಿರ್ದೇಶಕರಿಗೆ ಅದು ಪ್ರಯೋಗಶಾಲೆಯಾಗಿರುವುದು ನಿಜ. ‘ವಿ/ಎಚ್/ಎಸ್/94’ರ ‘ಸ್ಟಾರ್ಮ್ ಡ್ರೇನ್’ ಕಥೆಯ ಕ್ಲೋಯಿ ಒಕುನೊ ಅವರಲ್ಲೊಬ್ಬರು. ಬಿಡಿಕಥೆಗಳ ಈ ಸಮೃದ್ಧಿಯನ್ನು ನಾವು ಮೆಚ್ಚಬಹುದು. ಆದರೆ ದೊರೆತದ್ದನ್ನು ನೋಡಿದವನು ಏನಾದ ಎಂಬುದೂ ಕಥೆಯ ಭಾಗವಾದಾಗಲೇ ‘ದೊರೆತದ್ದು’ ಎಂಬ ಮಾತಿಗೆ ಅರ್ಥ ಬರುತ್ತದೆ. ಆ ಕಥೆಯನ್ನು ಮಾಲಿಕೆಯ ಮೊದಲ ಚಿತ್ರ ಕೈಯಲ್ಲಿದ್ದೂ ಹೇಳಲಿಲ್ಲ.