ಹಿಟ್ಟಿನ ಕೋಳಿಯೂ ತಾಯಿಯ ಮಾತೂ

ಹರಪನಹಳ್ಳಿ ಸೀಮೆಯ ಅರಸೀಕೆರೆಗೆ ಸಮೀಪದ ಉಚ್ಚಂಗಿದುರ್ಗವು ಒಂದು ಕಾಲಕ್ಕೆ ನೊಳಂಬವಾಡಿಯ ಪಾಂಡ್ಯರ ಬಲವಾದ ನೆಲೆ. ಅದನ್ನು ಗೆದ್ದುಕೊಂಡ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಶ್ರಯದಲ್ಲಿಯೇ ಜನ್ನನು ಕವಿಚಕ್ರವರ್ತಿಯೆನಿಸಿ, 1209ರಲ್ಲಿ ‘ಯಶೋಧರಚರಿತೆ’ಯನ್ನು ರಚಿಸಿದನು. ಕೋಟೆ ಗೆದ್ದ ಅರಸನ ಸಭೆಯಲ್ಲಿ, ಹಿಟ್ಟಿನಿಂದ ಮಾಡಿದ ಕೋಳಿಯೊಂದನ್ನು ಕಡಿದ ತಪ್ಪಿಗೆ ಜನ್ಮಜನ್ಮಾಂತರ ತೊಳಲಿದ ಅರಸನ ಕಥೆ ಹುಟ್ಟಿತೆಂಬುದು ಸೋಜಿಗವೇ ಸರಿ.

ನಾಲ್ಕು ಅವತಾರಗಳ ಈ ಪುಟ್ಟ ಕಾವ್ಯದ ವಿಮರ್ಶೆಯು ಬಹುಮಟ್ಟಿಗೆ ಅಮೃತಮತಿಯ ಸುತ್ತಲೇ ಸುತ್ತಿದೆ. ಇರುಳಿನಲ್ಲಿ ಕೇಳಿಬಂದ ಮಾವುತನ ದನಿಗೆ ರಾಣಿ ಮನಸೋತದ್ದು ಹೇಗೆ ಎಂಬ ಪ್ರಶ್ನೆಯ ಆಕರ್ಷಣೆ ದೊಡ್ಡದು. ಆದರೆ ಗೃಹಸ್ಥನಾದ ಶ್ರಾವಕನಿಗೆ ಹತ್ತಿರವಾದ ಪ್ರಸಂಗ ಅದಲ್ಲ. ಮರುದಿನ ತಾಯಿ ಚಂದ್ರಮತಿಗೂ ಮಗ ಯಶೋಧರನಿಗೂ ನಡೆಯುವ ಮಾತುಕತೆ. ಸೋಮದೇವಸೂರಿಯ ‘ಯಶಸ್ತಿಲಕ’ದಲ್ಲಿ (959) ಇದು ಶಾಸ್ತ್ರಾರ್ಥದಂತೆ ಬೆಳೆದಿದೆ. ಜನ್ನನಾದರೋ ವಾದಿರಾಜನ ಸಂಸ್ಕೃತ ಕಾವ್ಯದ ಜಾಡು ಹಿಡಿದು, ಕೆಲವೇ ಕಂದಗಳಲ್ಲಿ ಮುಗಿಸುತ್ತಾನೆ. ಆ ಸಂಕ್ಷೇಪವೇ ಹೆಚ್ಚು ನಿಜವೆನಿಸುತ್ತದೆ. ಮನೆಗಳಲ್ಲಿ ತಪ್ಪು ನಿರ್ಧಾರಗಳು ದೀರ್ಘ ಚರ್ಚೆಯಿಂದಲ್ಲ, ನಾಲ್ಕು ಮಾತಿನಲ್ಲೇ ಆಗಿಹೋಗುತ್ತವೆ.

ಹಿಂದಿನ ರಾತ್ರಿ ಯಶೋಧರನು ಕತ್ತಿ ಎತ್ತಿದವನು ತಡೆದುಕೊಂಡಿದ್ದಾನೆ. ಭಾವೋದ್ರೇಕವನ್ನು ವಿವೇಕ ಗೆದ್ದಿತೆಂದು ಮೇಲುನೋಟಕ್ಕೆ ತೋರುತ್ತದೆ. ಪದ್ಯಗಳನ್ನು ನಿಧಾನವಾಗಿ ಓದಿದರೆ, ಅವನನ್ನು ತಡೆದುದರಲ್ಲಿ ಕರುಣೆಗಿಂತ ಕ್ಷತ್ರಿಯನ ಅಭಿಮಾನವೇ ಹೆಚ್ಚು: ಶತ್ರುರಾಜರ ಮೇಲೆ ಬೀಳಬೇಕಾದ ಕತ್ತಿ ಇಂಥವರ ಮೇಲೆ ಬೀಳಬಾರದೆಂಬ ಎಣಿಕೆ ಅದು. ಆದುದರಿಂದಲೇ ಬೆಳಗಾದಾಗ ಅವನ ಬಳಿ ಸತ್ಯ ಹೇಳುವಷ್ಟು ಬಲ ಉಳಿದಿಲ್ಲ. ಕಂಡದ್ದನ್ನು ಕನಸೆಂದು ಮರೆಮಾಚುತ್ತಾನೆ. ಇಲ್ಲಿ ಬುದ್ಧಿಯು ಮಾನಕಷಾಯದ ಸೇವಕನಾಗಿದೆ. ಸುಳ್ಳು ಕನಸಿಗೆ ತಾಯಿಯ ಭಯ ನಿಜವಾಗಿಯೇ ಎಚ್ಚರಗೊಳ್ಳುತ್ತದೆ. ದುಃಸ್ವಪ್ನದ ಶಾಂತಿಗೆ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಚಂದ್ರಮತಿಯನ್ನು ಕ್ರೂರಿಯೆಂದು ದೂರುವ ವಿಮರ್ಶಕರು ಇದನ್ನು ಮರೆಯುತ್ತಾರೆ. ಆಕೆಯದು ಮಗನ ಪ್ರಾಣಕ್ಕೆ ಹೆದರಿದ ತಾಯಿಯ ಮೋಹ. ಆ ಹೆದರಿಕೆಗೆ ಕಾರಣ ಮಗನೇ.

ಮಗ ಜೀವಬಲಿಯನ್ನು ಒಪ್ಪುವುದಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎನ್ನುತ್ತಾಳೆ ತಾಯಿ. ಒಪ್ಪುತ್ತಾನೆ. ತಾಯಿಯ ಮನಸ್ಸೂ ನೋಯಲಿಲ್ಲ, ವ್ರತವೂ ಕೆಡಲಿಲ್ಲ. ಇದನ್ನು ಲೋಕವು ಭಾವ-ವಿವೇಕಗಳ ಸಮತೋಲನವೆಂದೇ ಕರೆದೀತು. ಕಾವ್ಯವು ಪ್ರಶ್ನಿಸುವುದು ಈ ಹೆಸರನ್ನೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮಾದವನ್ನೂ ಸೇರಿಸಿದೆ. ಕಡಿಯುವವನ ಸಂಕಲ್ಪದಲ್ಲಿ ಕೋಳಿಯಿದ್ದರೆ, ಕತ್ತಿಯ ಕೆಳಗೆ ಹಿಟ್ಟಿದ್ದರೂ ಭಾವಹಿಂಸೆ ತಪ್ಪಲಿಲ್ಲ. ಯಶೋಧರನು ಎರಡು ಬೇಡಿಕೆಗಳನ್ನು ತೂಗಿ ನೋಡಲಿಲ್ಲ. ಎರಡಕ್ಕೂ ಅರ್ಧರ್ಧ ಹಂಚಿದನು.

ಇಂದು ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ 1959ರ ಕಾಯಿದೆಯಿದೆ. ಹಿಟ್ಟಿನ ಕೋಳಿಗೆ ಅದು ಅನ್ವಯಿಸುವುದಿಲ್ಲ, ಅನ್ವಯಿಸಬೇಕಾಗಿಯೂ ಇಲ್ಲ. ಆದರೆ ಹೊಸ ಮನೆಯ ಹೊಸ್ತಿಲಲ್ಲಿ, ಹೊಸ ವಾಹನದ ಮುಂದೆ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಒಡೆಯುವಾಗ ಆ ಕೆಂಪು ಯಾವುದರ ಬದಲಿಗೆ ಬಂದದ್ದೆಂದು ಶ್ರಾವಕರ ಮನೆಗಳಲ್ಲಿ ಎಷ್ಟು ಮಂದಿ ಕೇಳಿಕೊಳ್ಳುತ್ತಾರೆ? ಅಜ್ಜಿಯ ಸಮಾಧಾನಕ್ಕೆ, ಮೇಸ್ತ್ರಿಯ ಒತ್ತಾಯಕ್ಕೆ, ನೆರೆಹೊರೆಯವರ ಮಾತಿಗೆ ಎಂಬ ಉತ್ತರಗಳು ಸಿದ್ಧವಾಗಿರುತ್ತವೆ. ಮದುವೆಯ ಊಟ ಸೂರ್ಯಾಸ್ತವನ್ನು ದಾಟಿದಾಗಲೂ ಬೀಗರ ಹೆಸರಿನಲ್ಲಿ ಇಂಥದೇ ಉತ್ತರ. ಬಸದಿಯ ಸಮಿತಿಗಳೂ ಇದಕ್ಕೆ ಹೊರತಲ್ಲ: ಸೋರುವ ಗರ್ಭಗೃಹದ ದುರಸ್ತಿಗೆ ಹಣ ಬೇಕೆಂದು ಬಲ್ಲವರೇ, ದಾನಿಯ ಮನಸ್ಸು ನೋಯದಿರಲೆಂದು ಮಹಾದ್ವಾರದ ಕೆಲಸಕ್ಕೆ ಒಪ್ಪಿಬಿಡುತ್ತಾರೆ.

ಜನ್ನನ ಕಾವ್ಯದಲ್ಲಿ ಆಕ್ಷೇಪಿಸಬೇಕಾದ ಒಂದೆಡೆಯುಂಟು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅದರೊಳಗೆ ಬೆಂತರವು ಹೊಕ್ಕಿತ್ತೆಂಬುದು ಕಥೆಯ ಸಮಾಧಾನ. ಕೂಗಿನಿಂದ ದೃಶ್ಯಕ್ಕೆ ಭೀಕರತೆ ಬಂದಿತು ನಿಜ, ಆದರೆ ತತ್ತ್ವ ಸಡಿಲವಾಯಿತು. ಕೋಳಿ ಮೌನವಾಗಿಯೇ ಬಿದ್ದಿದ್ದರೆ ಪಾಪವು ಸಂಕಲ್ಪದ್ದೇ ಎಂಬುದು ಇನ್ನೂ ಕಠೋರವಾಗಿ ನಿಲ್ಲುತ್ತಿತ್ತು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ಇದೇ ವಸ್ತುವನ್ನು ಎತ್ತಿಕೊಂಡು, ರಾಣಿಯನ್ನು ಜೈನಳನ್ನಾಗಿಯೂ ಅತ್ತೆಯನ್ನು ಬಲಿಯ ಪಕ್ಷದವಳನ್ನಾಗಿಯೂ ನಿಲ್ಲಿಸಿ, ಅರಸನನ್ನು ನಡುವೆ ಸಿಲುಕಿಸಿದರು. ಅಲ್ಲಿ ಸಂಕಟವು ಸಂಸಾರದ್ದಾಯಿತು. ಕರ್ಮಬಂಧದ ದೀರ್ಘ ಲೆಕ್ಕ ಹಿಂದೆ ಸರಿಯಿತು. ಶಿಕ್ಷೆ ಅತಿಯಾಯಿತೆಂಬ ಆಧುನಿಕ ಓದುಗನ ದೂರಿಗೆ ಆ ಲೆಕ್ಕದಲ್ಲಿಯೇ ಉತ್ತರವಿದೆ. ನವಿಲು, ನಾಯಿ, ಮೀನು, ಆಡು, ಕೋಳಿ ಮುಂತಾದ ಜನ್ಮಗಳು ಯಾವ ದೇವನೂ ವಿಧಿಸಿದ ದಂಡನೆಯಲ್ಲ. ಬಲಿಯಾಗುವ ಜೀವದ ಒಳಗೆ ನಿಂತು ಕಲಿಯಬೇಕಾಗಿ ಬಂದ ಪಾಠ.

ಕಥೆಯ ಹೊರಚೌಕಟ್ಟಿನಲ್ಲಿ ಮಾರಿದತ್ತನ ಎದುರು, ಚಂಡಮಾರಿಯ ಗುಡಿಯಲ್ಲಿ, ಬಲಿಗೆಂದು ತಂದ ಬಾಲಕ ಅಭಯರುಚಿ ಅಳುಕದೆ ನಿಂತು ಈ ವೃತ್ತಾಂತವನ್ನೆಲ್ಲ ಹೇಳುತ್ತಾನೆ. ಒಮ್ಮೆ ತಾಯಿಗೂ ಸತ್ಯ ಹೇಳಲಾರದೆ ಕನಸನ್ನು ಕಟ್ಟಿದ ಜೀವವೇ ಅದು. ಈಗ ಕತ್ತಿ ಹಿಡಿದ ಅರಸನಿಗೆ ಒಂದನ್ನೂ ಮುಚ್ಚಿಡುವುದಿಲ್ಲ. ಪಕ್ಕದಲ್ಲಿ ತಂಗಿ ಅಭಯಮತಿಯಾಗಿ ನಿಂತಿರುವವಳು ಅಂದಿನ ಚಂದ್ರಮತಿ.