ಕಣ್ಣಿನ ಅಪಧಮನಿ ಕಟ್ಟಿದಾಗ ಓಸಿಟಿ ಹೇಳುವ ಭವಿಷ್ಯ

ಅಕ್ಷಿಪಟಲಕ್ಕೆ ರಕ್ತ ಒಯ್ಯುವ ಕೇಂದ್ರ ಅಪಧಮನಿ ಕಟ್ಟಿಕೊಂಡರೆ ಒಂದು ಕಣ್ಣು ನೋವಿಲ್ಲದೆ ಥಟ್ಟನೆ ಕತ್ತಲಾಗುತ್ತದೆ. ಹೋದ ದೃಷ್ಟಿ ಎಷ್ಟು ಮರಳೀತು ಎಂಬುದನ್ನು ಓಸಿಟಿ ಸ್ಕ್ಯಾನ್ ನೋಡಿ ಅಂದಾಜಿಸುವ ಪದ್ಧತಿ ಈಗ ಬಲಗೊಳ್ಳುತ್ತಿದೆ. ಪದ್ಧತಿಯೇನೋ ಒಳ್ಳೆಯದೇ. ಆದರೆ ಅದರ ಬೆಲೆಯನ್ನು ನಿರ್ಧರಿಸುವುದು ರೋಗಿ ಬಂದು ತಲುಪುವ ಹೊತ್ತು.

1991ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಲೋಕಕ್ಕೆ ಪರಿಚಯಿಸಿದ ಓಸಿಟಿ, ಬೆಳಕು ಹಾಯಿಸಿ ಅಕ್ಷಿಪಟಲದ ಪದರಗಳನ್ನು ಬಿಡಿಸಿ ತೋರಿಸುತ್ತದೆ. ರಕ್ತ ನಿಂತರೆ ಒಳಪದರಗಳು ಬಾತು ಬಿಳುಪಾಗಿ ಕಾಣುತ್ತವೆ. ಪದರಗಳ ಗೆರೆಗಳು ಇನ್ನೂ ಗುರುತು ಸಿಗುವಂತಿದ್ದರೆ ಆಸೆಯುಂಟು. ಎಲ್ಲ ಕಲೆತು ಒಂದೇ ಪಟ್ಟಿಯಾಗಿದ್ದರೆ ಚೇತರಿಕೆ ಅಪರೂಪ. ರೋಗಿಗೂ ಮನೆಯವರಿಗೂ ನಿಜ ಹೇಳಲು, ಫಲವಿಲ್ಲದ ಚಿಕಿತ್ಸೆ ತಪ್ಪಿಸಲು ಇದು ಗಟ್ಟಿ ಆಧಾರ.

ಕೊರತೆ ಇರುವುದು ಮೊದಲ ಗಂಟೆಗಳಲ್ಲಿ. ಆಗ ಸ್ಕ್ಯಾನ್ ಬಹುಮಟ್ಟಿಗೆ ಸಹಜವಾಗಿಯೇ ಕಾಣಬಹುದು. ಚಿತ್ರ ನಿಚ್ಚಳವಾಗುವ ವೇಳೆಗೆ ಹಾನಿ ಆಗಿಹೋಗಿರುತ್ತದೆ. ಪಂಜಾಬ್ ಮೂಲದ ನೇತ್ರತಜ್ಞ ಸೋಹನ್ ಸಿಂಗ್ ಹೇರೆ ಅವರ ಪ್ರಯೋಗಗಳಲ್ಲಿ ಮಂಗಗಳ ಅಕ್ಷಿಪಟಲ ರಕ್ತವಿಲ್ಲದೆ 97 ನಿಮಿಷ ತಾಳಿಕೊಂಡಿತು. 240 ನಿಮಿಷಕ್ಕೆ ಸರಿಪಡಿಸಲಾಗದ ಹಾನಿಯಾಗಿತ್ತು. ಇಳಕಲ್ಲಿನ ನೇಕಾರರೊಬ್ಬರಿಗೆ ಸಂಜೆ ಹೀಗಾದರೆ? ನೋವಿಲ್ಲವೆಂದು ಔಷಧದಂಗಡಿಯ ಹನಿ ಹಾಕಿಕೊಂಡು ಮಲಗುತ್ತಾರೆ. ಬೆಳಗಿನ ಬಸ್ಸು ಹತ್ತಿ, ಹುನಗುಂದ ದಾಟಿ ಬಾಗಲಕೋಟೆ ಸೇರುವಷ್ಟರಲ್ಲಿ ಸ್ಕ್ಯಾನ್ ಹೇಳುವ ಭವಿಷ್ಯ ಖಚಿತವಾಗಿರುತ್ತದೆ, ಆದರೆ ತಡವಾಗಿರುತ್ತದೆ. ಬಾದಾಮಿ ಸೀಮೆಯ ಹಳ್ಳಿಗಳ ಪಾಡೂ ಇದೇ.

ಇದೇ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಶಿಬಿರ ಹಾಕಿ ಊರೂರಲ್ಲಿ ಪೊರೆ ತೆಗೆದರು. ಪೊರೆ ಶಿಬಿರದ ದಿನದವರೆಗೆ ಕಾಯುತ್ತದೆ, ಈ ಕಾಯಿಲೆ ಕಾಯದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ರೋಗಿಗಿಂತ ಮೊದಲು ಚಿತ್ರ ತಲುಪಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಅಕ್ಷಿಪಟಲದ ಅಪಧಮನಿ ಕಟ್ಟುವುದನ್ನು ಪಾರ್ಶ್ವವಾಯುವಿನ ಸಾಲಿನಲ್ಲೇ ಇಟ್ಟು, ತುರ್ತು ಚಿಕಿತ್ಸೆಯ ಮಾತಾಡಿತು. ಹೆಪ್ಪು ಕರಗಿಸುವ ಮದ್ದಿನ ಫಲ ಇನ್ನೂ ಚರ್ಚೆಯಲ್ಲಿದ್ದರೂ, ಇಂಥವರಿಗೆ ಮೆದುಳಿನ ಆಘಾತದ ಅಪಾಯವಿರುವುದು ನಿಜ. ಹಾಗಾಗಿ ಸ್ಕ್ಯಾನ್‌ನಲ್ಲಿ ಕಣ್ಣಿನ ಆಸೆ ಬತ್ತಿದ್ದರೂ ಕುತ್ತಿಗೆಯ ರಕ್ತನಾಳ, ಹೃದಯ, ಬಿಪಿ, ಸಕ್ಕರೆ ಪರೀಕ್ಷೆ ಬಿಡುವಂತಿಲ್ಲ. ಓಸಿಟಿ ಬರಲಿ, ಬೇಕೇಬೇಕು. ಅದಕ್ಕೂ ಮೊದಲು, ನೋವಿಲ್ಲದೆ ಕಣ್ಣು ಹೋದರೆ ಲಕ್ವ ಹೊಡೆದಷ್ಟೇ ತುರ್ತು ಎಂಬ ಮಾತು ತಾಲ್ಲೂಕು ಆಸ್ಪತ್ರೆಗೂ ಔಷಧದಂಗಡಿಗೂ ಮುಟ್ಟಬೇಕು.