ಬಾಯಿಲ್ಲದ ನಾಯಕ, ಸುಳ್ಳಾಡುವ ನಾಯಕ

ಡ್ರ್ಯಾಗನ್ ಕ್ವೆಸ್ಟ್ ಸಂಪ್ರದಾಯಸ್ಥ, ಫೈನಲ್ ಫ್ಯಾಂಟಸಿ ಪ್ರಯೋಗಶೀಲ. ಜಪಾನಿನ ಈ ಎರಡು ವಿಡಿಯೊ ಗೇಮ್ ಸರಣಿಗಳ ಮಾತು ಬಂದಾಗಲೆಲ್ಲ ಈ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಒಂದರಲ್ಲಿ ಇಂದಿಗೂ ಅದೇ ರಾಜ, ಅದೇ ಚರ್ಚು, ಅದೇ ನಗುಮುಖದ ನೀಲಿ ಸ್ಲೈಮ್. ಇನ್ನೊಂದರಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಹೊಸ ಲೋಕ, ಹೊಸ ಜನ, ಕಾದಾಟಕ್ಕೂ ಹೊಸ ಪದ್ಧತಿ. ಮೇಲ್ನೋಟಕ್ಕೆ ಇದು ಸರಿಯೇ. ಆದರೆ ಕಥೆ ಕಟ್ಟುವ ಬಗೆಯನ್ನು ನೋಡಹೊರಟರೆ ಈ ಹಣೆಪಟ್ಟಿಗಳು ಕೆಲಸಕ್ಕೆ ಬಾರವು. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕಥೆಯ ನೆನಪನ್ನು ಹೊರುವವರು ಯಾರು, ಆಡುವವರೋ ಪಾತ್ರವೋ?

ಶುರುವಿನಲ್ಲಿ ಎರಡಕ್ಕೂ ಹೆಚ್ಚು ಅಂತರವಿರಲಿಲ್ಲ. 1986ರ ಮೇ ತಿಂಗಳಲ್ಲಿ ಎನಿಕ್ಸ್ ಕಂಪನಿ ಹೊರತಂದ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನ ನಾಯಕನಿಗೆ ಬಾಯಿಲ್ಲ. ನಾವು ಒತ್ತುವ ‘ಹೌದು’, ‘ಇಲ್ಲ’ಗಳೇ ಅವನ ಮಾತು. ಅರ್ಧ ಲೋಕ ಕೊಡುತ್ತೇನೆ, ನನ್ನ ಕಡೆ ಬಾ ಎಂದು ಕೊನೆಯ ಶತ್ರು ಕರೆದಾಗ ‘ಹೌದು’ ಎಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ಅದನ್ನು ಬರೆದ ಯೂಜಿ ಹೊರೀ ಹಿಂದೆ ಪತ್ತೇದಾರಿ ಆಟವೊಂದನ್ನು ಮಾಡಿದ್ದವರು. ಸಿಕ್ಕಸಿಕ್ಕವರನ್ನು ಮಾತಾಡಿಸಿ ಸುಳಿವು ಕೂಡಿಸುವ ಆ ಅಭ್ಯಾಸ ಇಲ್ಲಿಗೂ ಬಂತು. ನಾಯಕ ಸುಮ್ಮನಿರುತ್ತಾನೆ, ಊರು ಮಾತಾಡುತ್ತದೆ. 1987ರ ಡಿಸೆಂಬರ್‌ನಲ್ಲಿ ಸ್ಕ್ವೇರ್ ಕಂಪನಿಯ ಹಿರೊನೊಬು ಸಕಾಗುಚಿ ಹೊರತಂದ ಫೈನಲ್ ಫ್ಯಾಂಟಸಿಯ ನಾಲ್ವರು ಯೋಧರಿಗೂ ಹೆಸರಿಲ್ಲ, ಹಿನ್ನೆಲೆಯಿಲ್ಲ.

ದಾರಿ ಕವಲೊಡೆದದ್ದು 1988ರಲ್ಲಿ. ಆ ವರ್ಷ ಎರಡನೆಯ ಫೈನಲ್ ಫ್ಯಾಂಟಸಿ ತನ್ನ ನಾಯಕರಿಗೆ ಹೆಸರು, ಮನೆಮಾರು ಕಳೆದುಕೊಂಡ ನೋವು, ಕಣ್ಣೆದುರೇ ಸಾಯುವ ಸಂಗಾತಿಗಳನ್ನು ಕೊಟ್ಟಿತು. ಅದೇ ವರ್ಷದ ಮೂರನೆಯ ಡ್ರ್ಯಾಗನ್ ಕ್ವೆಸ್ಟ್ ತದ್ವಿರುದ್ಧ ದಿಕ್ಕು ಹಿಡಿಯಿತು. ನಾಯಕನಿಗಷ್ಟೇ ಅಲ್ಲ, ಅವನ ಸಂಗಾತಿಗಳಿಗೂ ಹೆಸರನ್ನು ಆಡುವವರೇ ಕೊಡಬೇಕು, ಸಂಗಾತಿಗಳ ಕಸುಬನ್ನೂ ಅವರೇ ಆರಿಸಬೇಕು. ಇಷ್ಟು ಖಾಲಿ ಪಾತ್ರಗಳಿಂದ ಎಂಥ ಕಥೆ ಹುಟ್ಟೀತು ಎನ್ನುವಷ್ಟರಲ್ಲಿ ಆಟ ನಮ್ಮನ್ನು ನೆಲದಡಿಯ ಕತ್ತಲ ಲೋಕಕ್ಕೆ ಇಳಿಸುತ್ತದೆ. ಅದು ಮೊದಲ ಆಟ ನಡೆದ ನಾಡು, ಅಲೆಫ್‌ಗಾರ್ಡ್! ಆ ಕರಾವಳಿ, ಆ ಕೋಟೆ ನಮಗೆ ಗೊತ್ತು, ನಾಯಕನಿಗೆ ಗೊತ್ತಿಲ್ಲ. ಗೆದ್ದ ಮೇಲೆ ಅವನಿಗೆ ಸಿಗುವ ಬಿರುದು ಮೊದಲ ಆಟದ ದಂತಕಥೆಯ ವೀರನದ್ದು. ಮೂರನೆಯದು ಮೊದಲನೆಯದಕ್ಕಿಂತ ಹಿಂದಿನ ಕಾಲದ ಕಥೆ ಎಂದು ಹೊಳೆಯುವುದು ಹಿಂದಿನ ಆಟ ಆಡಿದವರಿಗೆ ಮಾತ್ರ. ಪಾತ್ರಕ್ಕಿಲ್ಲದ ನೆನಪನ್ನು ನಮ್ಮ ತಲೆಯಲ್ಲಿಟ್ಟು ಕಥೆ ಕಟ್ಟುವ ಈ ಜಾಣ್ಮೆಯನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕಲಾಗದು.

ಈ ಜಾಣ್ಮೆಯ ಶಿಖರ 1992ರ ಐದನೆಯ ಡ್ರ್ಯಾಗನ್ ಕ್ವೆಸ್ಟ್. ನನ್ನ ಮಟ್ಟಿಗೆ ಎರಡೂ ಸರಣಿಗಳಲ್ಲಿ ಇದಕ್ಕೆ ಮಿಗಿಲಾದ ಕಥಾರಚನೆ ಇಲ್ಲ. ಅಪ್ಪನ ಬೆನ್ನುಹತ್ತಿ ಊರೂರು ಅಲೆಯುವ ಹುಡುಗ ಅವನ ಸಾವನ್ನು ಕಾಣುತ್ತಾನೆ, ಹತ್ತು ವರ್ಷ ಜೀತದಲ್ಲಿ ಕಳೆಯುತ್ತಾನೆ, ತಪ್ಪಿಸಿಕೊಂಡು ಮದುವೆಯಾಗುತ್ತಾನೆ, ಅವಳಿ ಮಕ್ಕಳ ತಂದೆಯಾಗುತ್ತಾನೆ. ಆಮೇಲೆ ಶಾಪಕ್ಕೆ ಸಿಕ್ಕಿ ಕಲ್ಲಾಗಿ, ಸಿರಿವಂತನೊಬ್ಬನ ಮನೆಯ ಅಲಂಕಾರದ ಪ್ರತಿಮೆಯಾಗಿ ಎಂಟು ವರ್ಷ ನಿಲ್ಲುತ್ತಾನೆ. ಋತುಗಳು ಉರುಳುತ್ತವೆ, ಆ ಮನೆಯ ಮಗು ಬೆಳೆಯುತ್ತದೆ. ಆಡುವವರ ಕೈಯಲ್ಲಿ ಏನೂ ಇಲ್ಲ, ನೋಡುತ್ತ ಕೂರಬೇಕು. ಕೊನೆಗೆ ಅವನನ್ನು ಬಿಡಿಸಲು ಬರುವವರು ಬೆಳೆದ ಅವನದೇ ಮಕ್ಕಳು. ದೇವಲೋಕದ ಕತ್ತಿ ಹಿಡಿಯಬಲ್ಲ ವೀರ ಅವನಲ್ಲ, ಅವನ ಮಗ. ಇಡೀ ಆಟ ನಾಯಕನೆಂದು ನಂಬಿದವನು ವೀರನ ಅಪ್ಪನಷ್ಟೇ ಎಂಬುದನ್ನು ಹೊರೀ ಡಂಗುರ ಸಾರದೆ ತಿಳಿಸುತ್ತಾರೆ.

ಅದರಲ್ಲೊಂದು ಸಣ್ಣ ಪ್ರಸಂಗವಿದೆ. ಬಾಲ್ಯದಲ್ಲಿ ಅಪರಿಚಿತ ಯುವಕನೊಬ್ಬ ಎದುರಾಗಿ, ಹುಡುಗನ ಬಳಿಯಿರುವ ಹೊನ್ನಿನ ಗೋಳವನ್ನು ಒಮ್ಮೆ ತೋರಿಸು ಎನ್ನುತ್ತಾನೆ. ನೋಡಿ ಹಿಂದಿರುಗಿಸುತ್ತಾನೆ, ಅಷ್ಟೆ. ಹತ್ತಾರು ಗಂಟೆಗಳ ಆಟದ ನಂತರ ಕಾಲದಲ್ಲಿ ಹಿಂದಕ್ಕೆ ಹೋಗುವ ಅವಕಾಶ ಸಿಕ್ಕಾಗ ಆ ಯುವಕ ನಾವೇ ಆಗಿರುತ್ತೇವೆ, ನಿಜವಾದ ಗೋಳವನ್ನು ತೆಗೆದುಕೊಂಡು ನಕಲಿಯನ್ನು ಕೈಗಿಡುತ್ತೇವೆ. ಪಕ್ಕದ ಮನೆಯಲ್ಲಿ ಅಪ್ಪ ಬದುಕಿದ್ದಾನೆ. ಎಚ್ಚರಿಸಬಹುದು, ಆದರೆ ಅವನು ನಂಬುವುದಿಲ್ಲ. ನಾಯಕನ ಮುಖ ಹತ್ತಿರದಿಂದ ತೋರಿಸುವುದಿಲ್ಲ, ಅವನು ಅಳುವುದೂ ಇಲ್ಲ. ಎದೆ ಭಾರವಾಗುವುದು ಆಡುವವರದ್ದು.

ಫೈನಲ್ ಫ್ಯಾಂಟಸಿಯ ವಿದ್ಯೆ ಬೇರೆ. ಅಲ್ಲಿ ನೆನಪು ಪಾತ್ರದ ಆಸ್ತಿ, ಕಥೆಯೆಂದರೆ ಅದನ್ನು ಅಗೆದು ತೆಗೆಯುವ ಕೆಲಸ. 1997ರ ಏಳನೆಯ ಕಂತಿನಲ್ಲಿ ನಾಯಕ ಕ್ಲೌಡ್ ತನ್ನ ಐದು ವರ್ಷದ ಹಿಂದಿನ ಕಥೆಯನ್ನು ಗೆಳೆಯರಿಗೆ ಹೇಳುತ್ತಾನೆ. ಆ ಕಥೆಯನ್ನು ನಾವು ಸ್ವತಃ ಆಡುತ್ತೇವೆ, ಆದ್ದರಿಂದ ಅನುಮಾನವೇ ಬರುವುದಿಲ್ಲ. ತಾನೇ ಎಂದು ಅವನು ಹೇಳಿಕೊಂಡ ಆ ಗಣ್ಯ ಯೋಧ ಬೇರೊಬ್ಬ, ಕ್ಲೌಡ್ ಮುಖ ಮುಚ್ಚಿಕೊಂಡಿದ್ದ ಸಾಮಾನ್ಯ ಸಿಪಾಯಿ ಎಂದು ಬಯಲಾಗುವುದು ಬಹಳ ತಡವಾಗಿ. ಕಾದಂಬರಿಯಲ್ಲಿ ಸುಳ್ಳಾಡುವ ನಿರೂಪಕ ಹೊಸಬನಲ್ಲ. ಆದರೆ ಅವನ ಸುಳ್ಳನ್ನು ನಮ್ಮ ಕೈಯಿಂದಲೇ ಆಡಿಸುವುದು ಆಟಕ್ಕೆ ಮಾತ್ರ ಸಾಧ್ಯ. ಈ ಆಟದಲ್ಲಿ ಸಂಗಾತಿ ಏರಿತ್‌ಳ ಸಾವನ್ನೇ ಎಲ್ಲರೂ ನೆನೆಯುತ್ತಾರೆ. ರಚನೆಯ ದೃಷ್ಟಿಯಿಂದ ಈ ಮೋಸ ಅದಕ್ಕಿಂತ ದೊಡ್ಡದು.

2001ರ ಹತ್ತನೆಯದು ಹಾಳುಬಿದ್ದ ನಗರದ ಹೊರಗೆ, ಬೆಂಕಿಯ ಸುತ್ತ ಕುಳಿತ ಪ್ರಯಾಣಿಕರಿಂದ ಶುರುವಾಗುತ್ತದೆ. ನಾಯಕ ಟೀಡಸ್ ತನ್ನ ಕಥೆ ಹೇಳತೊಡಗುತ್ತಾನೆ, ಆಟದ ಬಹುಭಾಗ ಆ ಬೆಂಕಿಯ ಬಳಿಗೆ ಮರಳಿ ಬರುವ ದಾರಿ. ಅವರು ಹೊರಟ ತೀರ್ಥಯಾತ್ರೆಯ ಕೊನೆಯಲ್ಲಿ ಸಂಗಾತಿ ಯೂನಾ ಸಾಯಲೇಬೇಕೆಂದು ಉಳಿದವರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ದಾರಿ ನೇರವಾಗಿದ್ದರೂ ಬೇಸರವಾಗದು, ಏಕೆಂದರೆ ತೀರ್ಥಯಾತ್ರೆಗೆ ದಾರಿ ಒಂದೇ. 2009ರ ಹದಿಮೂರನೆಯದರಲ್ಲೂ ದಾರಿ ಓಣಿಯಂತೆ ನೇರ. ಅದಕ್ಕೆ ಅಂಥ ಬಲವಾದ ಕಾರಣವಿಲ್ಲ. ಕಥೆಯ ಅರ್ಧ ಭಾಗ ಪಾತ್ರಗಳ ಬಾಯಲ್ಲಿ ಬರದೆ ಮೆನುವಿನೊಳಗಿನ ಟಿಪ್ಪಣಿಗಳಿಗೆ ಜಾರಿತು. ಓದಿದರೆ ಅರ್ಥವಾಗುತ್ತದೆ, ಆಡಿದರೆ ಆಗುವುದಿಲ್ಲ. ಇದು ಈ ಪರಂಪರೆಯ ದೊಡ್ಡ ಸೋಲು.

ಇವೆಲ್ಲದರ ನಡುವೆ 1994ರ ಆರನೆಯದು ಗುಂಪಿಗೆ ಸೇರದ ಕೃತಿ. ಅರ್ಧ ಆಟದಲ್ಲಿ ಖಳನಾಯಕ ಕೆಫ್ಕಾ ಲೋಕವನ್ನೇ ಒಡೆದುಹಾಕುತ್ತಾನೆ. ಒಂದು ವರ್ಷದ ನಂತರ ನಾಯಕರ ಗುಂಪಿನ ಸೆಲೆಸ್ ಒಂಟಿ ದ್ವೀಪವೊಂದರಲ್ಲಿ ಕಣ್ಣು ಬಿಡುತ್ತಾಳೆ. ಕಾಯಿಲೆ ಬಿದ್ದ ಮುದುಕನಿಗೆ ಮೀನು ಹಿಡಿದು ಉಣಿಸಬೇಕು. ಚುರುಕಾಗಿ ಈಜುವ ಮೀನು ಅವನನ್ನು ಉಳಿಸುತ್ತದೆ, ನಿಧಾನದ್ದು ಕೊಲ್ಲುತ್ತದೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಆಮೇಲೆ ಹರಿದುಹೋದ ಭೂಪಟದಲ್ಲಿ ಹಳೆಯ ಸಂಗಾತಿಗಳಲ್ಲಿ ಹೆಚ್ಚಿನವರನ್ನು ಹುಡುಕುವುದು, ಬಿಡುವುದು ನಮಗೆ ಬಿಟ್ಟದ್ದು. ಅಷ್ಟರಮಟ್ಟಿಗೆ ಇಲ್ಲಿ ನೆನಪಿನ ಹೊಣೆ ಆಡುವವರದ್ದು. ಒಂದು ರೀತಿಯಲ್ಲಿ ಇದು ಹೊರೀ ಮಾರ್ಗದಲ್ಲೇ ನಡೆದ ಆಟ.

ಡ್ರ್ಯಾಗನ್ ಕ್ವೆಸ್ಟ್‌ಗೂ ಎಡವಿದ ಹೆಜ್ಜೆಗಳಿವೆ. 2000ದ ಏಳನೆಯದು ಕಲ್ಲಿನ ಚೂರುಗಳನ್ನು ಕೂಡಿಸಿ, ದ್ವೀಪಕ್ಕೊಂದು ಉಪಕಥೆ ಹೇಳುತ್ತದೆ. ಕೆಲವು ತುಂಬ ಕಹಿಯಾದ, ಒಳ್ಳೆಯ ಕಥೆಗಳು. ಆದರೆ ಮೊದಲ ಕಾದಾಟಕ್ಕೇ ಗಂಟೆಗಟ್ಟಲೆ ಕಾಯಿಸುವ ಅದರ ನಿಧಾನ ಸಹಿಸಲಸಾಧ್ಯ. 2017ರ ಹನ್ನೊಂದನೆಯದು ಇನ್ನೂ ಗಂಭೀರ ಪ್ರಕರಣ. ಅಲ್ಲೂ ಲೋಕ ನಾಶವಾಗುತ್ತದೆ, ಸಂಗಾತಿ ವೆರೋನಿಕಾ ಉಳಿದವರಿಗಾಗಿ ಪ್ರಾಣ ಬಿಡುತ್ತಾಳೆ. ಗೆಲುವಿನ ನಂತರ ನಾಯಕ ಕಾಲದಲ್ಲಿ ಹಿಂದೆ ಸರಿದು ಅವಳನ್ನು ಉಳಿಸಿಕೊಳ್ಳಬಹುದು. ಅವನ ಹೊರತು ಉಳಿದವರಿಗೆ ಆ ದುಃಖದ ನೆನಪೇ ಇರುವುದಿಲ್ಲ. ಸರಣಿಯ ಧರ್ಮಕ್ಕೆ ಒಪ್ಪುವ ಏರ್ಪಾಟೇ. ಆದರೆ ಆಟ ಆ ಒಂಟಿತನದತ್ತ ತಿರುಗಿಯೂ ನೋಡದೆ ಹೊಸ ಶತ್ರುವಿನ ಹಿಂದೆ ಓಡುತ್ತದೆ. ಐದನೆಯ ಕಂತಿನಲ್ಲಿ ಅಪ್ಪನನ್ನು ಉಳಿಸಲು ಬಿಡದ ಬರಹಗಾರ ಇಲ್ಲಿ ಕೈ ಸಡಿಲಿಸಿದ್ದಾರೆ.

2003ರಿಂದ ಎರಡೂ ಸರಣಿಗಳು ಒಂದೇ ಕಂಪನಿಯ ಸ್ವತ್ತು, ವಿದ್ಯೆಗಳೂ ಬೆರೆಯುತ್ತಿವೆ. ಏಳನೆಯ ಫೈನಲ್ ಫ್ಯಾಂಟಸಿಯ ಹೊಸ ರೂಪದ ಮೊದಲೆರಡು ಭಾಗಗಳು 2020 ಮತ್ತು 2024ರಲ್ಲಿ ಬಂದವು. 1997ರ ಕಥೆ ಬಲ್ಲವರ ನಿರೀಕ್ಷೆಯ ಜೊತೆಗೇ ಅವು ಆಟವಾಡುತ್ತವೆ. ಹಳೆಯದನ್ನು ಆಡದವರಿಗೆ ಅವುಗಳ ಅರ್ಧ ರುಚಿ ಸಿಗದು. ಹಾಗಾಗಿ ಹೊಸಬರು ಅಲ್ಲಿಂದ ಶುರು ಮಾಡಬೇಡಿ. ಮೊದಲು ಐದನೆಯ ಡ್ರ್ಯಾಗನ್ ಕ್ವೆಸ್ಟ್, ಆಮೇಲೆ ಆರನೆಯ ಫೈನಲ್ ಫ್ಯಾಂಟಸಿ ಆಡಿ. ಎರಡೂ ಫೋನಿಗೂ ಬಂದಿವೆ.